ನರ್ಸಮ್ಮನ ಗಂಡ

ಮನೆಯಿಂದ,
ಮಾರ್ಚ್ ಎಂಟು, ಶುಕ್ರವಾರ ಬೆಳಗ್ಗೆ

ಪ್ರೀತಿಯ ನರ್ಸಮ್ಮಾ,

ಊರೆಲ್ಲ ಕರೆಯುವ ಹಾಗೆಯೇ ಕರೆದಿದ್ದೇನೆ, ಮುಖ ಗಂಟು ಹಾಕಿಕೊಳ್ಳಬೇಡ. ಮೊದಲು ನಿನ್ನ ಆರೋಗ್ಯದ ಮಾತು. ನೆಗಡಿ ಹೇಗಿದೆ? ಕಟ್ಟಿದ ಗಂಟಲು ಬಿಟ್ಟಿತೇ? ಹಾಸ್ಟೆಲಿನ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ, ಬೆಳಗಿನ ಗಾಳಿ ನೇರವಾಗಿ ನಿನ್ನ ತಲೆದಿಂಬಿಗೇ ಬಡಿಯುತ್ತದೆ ಎಂದು ಕೇಳಿದೆ. ಚಿಲಕ ಸಡಿಲವಾಗಿರಬೇಕು. ಒಂದು ರಟ್ಟನ್ನು ಮಡಚಿ ಸಂದಿಗೆ ತುರುಕು, ನಾನು ಬಂದಾಗ ಸರಿ ಮಾಡಿಕೊಡುತ್ತೇನೆ. ನಾನು ಚೆನ್ನಾಗಿದ್ದೇನೆ. ಹೊತ್ತಿಗೆ ಸರಿಯಾಗಿ ತಿನ್ನುತ್ತಿದ್ದೇನೆ. ಆದರೆ ಒಂದು ವಿಷಯ ಗಮನಿಸು. ನಿನಗೆ ನೆಗಡಿಯಾದದ್ದು, ಕಿಟಕಿ ಕೆಟ್ಟದ್ದು, ಜೊತೆಗಿರುವ ಹುಡುಗಿ ಗೊರಕೆ ಹೊಡೆಯುವುದು, ಇದ್ಯಾವುದನ್ನೂ ನೀನು ನನಗೆ ಹೇಳಿಲ್ಲ. ನೆಗಡಿಯ ಸುದ್ದಿ ನನಗೆ ಸಿಕ್ಕಿದ್ದು ಕ್ಷೌರದ ಅಂಗಡಿಯಲ್ಲಿ, ಕೆನ್ನೆಗೆಲ್ಲ ಸೋಪಿನ ನೊರೆ ಹಚ್ಚಿಸಿಕೊಂಡು ಕೂತಿದ್ದಾಗ. ಕಿಟಕಿಯ ಸುದ್ದಿ ಬೇಕರಿಯವನದು. ಗೊರಕೆಯನ್ನು ಮಾತ್ರ ದೊಡ್ಡ ಮೇಷ್ಟ್ರು ಸ್ವತಃ ಹೊಡೆದು ತೋರಿಸಿದರು.

ಈ ಊರಿನಲ್ಲಿ ನೆಟ್ಟಗೆ ಕೆಲಸ ಮಾಡುವ ಫೋನು ಒಂದೇ, ಅದೂ ಕಿರಾಣಿ ಅಂಗಡಿಯಲ್ಲಿ ಸಕ್ಕರೆ ಮೂಟೆಗೂ ತಕ್ಕಡಿಗೂ ನಡುವೆ ಇದೆ ಎಂಬುದು ನಿನಗೆ ಗೊತ್ತು. ನೀನು ದೊಡ್ಡ ಆಸ್ಪತ್ರೆಗೆ ತರಬೇತಿಗೆಂದು ಹೋದ ಮೇಲೆ ಭಾನುವಾರ ಆ ಅಂಗಡಿಯ ಮುಂದೆ ಏನು ನಡೆಯುತ್ತದೆ ಎಂಬುದು ಮಾತ್ರ ಗೊತ್ತಿಲ್ಲ. ನಾನು ಸ್ನಾನ ಮಾಡಿ, ತಲೆ ಬಾಚಿ, ಒಗೆದ ಅಂಗಿ ತೊಟ್ಟು ಹೋಗುವಷ್ಟರಲ್ಲಿ ಅಲ್ಲೊಂದು ಸಂತೆಯೇ ನೆರೆದಿರುತ್ತದೆ. ಫೋನು ರಿಂಗಾದ ಕೂಡಲೇ ಎತ್ತುವವಳು ಕಿರಾಣಿ ಅಕ್ಕ. ಅವಳ ಅಂಗಡಿ, ಅವಳ ಫೋನು, ನಾನು ಏನು ಹೇಳಲಿ? ಮೊದಲು ಅವಳ ಮೊಣಕಾಲು. ಆಮೇಲೆ ದೊಡ್ಡ ಮೇಷ್ಟ್ರ ರಕ್ತದೊತ್ತಡ. ಆಮೇಲೆ ಬೇಕರಿಯವನ ಹೆಂಡತಿ ಫೋನಿನೊಳಗೆ ಅಳುತ್ತಾಳೆ, ಅವಳಿಗೆ ಅಳಲು ಕಾರಣವೇ ಬೇಡ. ನಾನು ಆಲೂಗಡ್ಡೆ ಮೂಟೆಯ ಮೇಲೆ ಕೂತು ಅವರೆಲ್ಲರ ಬೆನ್ನು ನೋಡುತ್ತಿರುತ್ತೇನೆ. ಅವರು ನಗುತ್ತಾರೆ, ನೀನು ಏನು ಹೇಳಿ ನಗಿಸಿದೆಯೋ ನನಗೆ ಗೊತ್ತಿಲ್ಲ. ಕೊನೆಗೆ, ಅಷ್ಟು ಜನರ ಕಿವಿಯ ಬಿಸಿ ಹತ್ತಿದ ಫೋನು ನನ್ನ ಕೈಗೆ ಬಂದಾಗ ನೀನು ಹೇಳುವುದೇನು? 'ಎಲ್ಲಾ ಹೇಳಿ ಆಯ್ತು, ಅಕ್ಕನ್ನ ಕೇಳಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಫೋನ್ ಇಡ್ಲಾ?'

ಇಡು ಎನ್ನುತ್ತೇನೆ. ಇನ್ನೇನು ಹೇಳಲಿ, ಅಷ್ಟು ಜೊತೆ ಕಿವಿಗಳ ಮುಂದೆ? ನಿನ್ನ ದಿಂಬಿನ ಪಕ್ಕದಲ್ಲಿ ದಿಂಬಿಟ್ಟು ಮಲಗುವವನು ನಾನು. ನಿನ್ನ ಸುದ್ದಿಗಾಗಿ ಗಡ್ಡ ಬೋಳಿಸಿಕೊಳ್ಳಲು ಹೋಗಬೇಕು.

ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಗಂಡನಾದವನು ಇನ್ನೊಬ್ಬ ಗಂಡಸಿನ ಮೇಲೆ ಹೊಟ್ಟೆಕಿಚ್ಚು ಪಟ್ಟರೆ ಯಾರಿಗಾದರೂ ಅರ್ಥವಾಗುತ್ತದೆ. ಒಂದಿಡೀ ಊರಿನ ಮೇಲೆ, ಅದರಲ್ಲೂ ಮೊಣಕಾಲು ನೋವಿನ ಹೆಂಗಸರ ಮೇಲೆ, ಕೆಮ್ಮುವ ಮುದುಕರ ಮೇಲೆ ಹೊಟ್ಟೆ ಉರಿಸಿಕೊಳ್ಳುವವನನ್ನು ಏನೆಂದು ಕರೆಯುತ್ತಾರೋ ನನಗೆ ತಿಳಿಯದು. ನಾವಿಬ್ಬರೂ ಈ ಊರಿಗೆ ಒಂದೇ ಬಸ್ಸಿನಿಂದ ಇಳಿದವರು. ನೆನಪಿದೆಯೇ? ನೀನು ಬಸ್ಸಿನ ಮೆಟ್ಟಿಲು ಇಳಿಯುತ್ತಿದ್ದ ಹಾಗೆಯೇ ಚಹಾದಂಗಡಿಯ ಮುದುಕ ಕುದಿಯುವ ನೀರನ್ನು ಕೈ ಮೇಲೆ ಚೆಲ್ಲಿಕೊಂಡ. ನೀನು ಓಡಿಹೋಗಿ ಅವನ ಕೈಯನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಹಿಡಿದೆ. ಸುತ್ತಲೂ ಜನ ಸೇರಿದರು. ನಾನು ನಮ್ಮ ಎರಡು ಟ್ರಂಕುಗಳ ಕಾವಲಿಗೆ ನಿಂತೆ. ಅವತ್ತು ಸಂಜೆಯೊಳಗೆ ಊರಿಗೆ ನೀನು ಮನೆಮಗಳಾದೆ. ನಾನು ಇವತ್ತಿಗೂ ಟ್ರಂಕು ಕಾಯುವವನೇ.

ಈ ಊರಿನ ಮುಕ್ಕಾಲು ಪಾಲು ಗೇಟುಗಳನ್ನು ಬೆಸೆದದ್ದು ನಾನು. ನೀರಿನ ಟ್ಯಾಂಕಿನ ಏಣಿ ನನ್ನದು, ಶಾಲೆಯ ಅಂಗಳದ ಜಾರುಬಂಡಿ ನನ್ನದು, ಬಸ್ ನಿಲ್ದಾಣದ ತಗಡಿನ ಮಾಡನ್ನು ಹೊತ್ತು ನಿಂತ ಕಂಬಗಳೂ ನನ್ನವು. ಹೊರಗಿನಿಂದ ಬಂದವರು ಯಾರಾದರೂ 'ಈ ಗೇಟು ಚೆನ್ನಾಗಿದೆ, ಯಾರ ಕೆಲಸ?' ಎಂದು ಕೇಳಿದರೆ ಇವರು 'ನಮ್ಮ ನರ್ಸಮ್ಮನ ಗಂಡ ಮಾಡಿದ್ದು' ಎನ್ನುತ್ತಾರೆ. ಗೇಟಿನಲ್ಲೂ ನೀನೇ! ಕಿಡಿ ಹಾರಿ ಮುಂಗೈ ಸುಟ್ಟುಕೊಂಡವನು ನಾನು.

ಹೋಗಲಿ, ಇವರ ಕಣ್ಣು ತಪ್ಪಿಸಿ ಇರೋಣವೆಂದರೆ ಅದೂ ಆಗುವುದಿಲ್ಲ. ನಿನ್ನ ಬದಲಿಗೆ ಬಂದ ಹೊಸ ಹುಡುಗಿಯ ಬಳಿಗೆ ಹೋಗದೆ ಊರಿನ ಅರ್ಧ ಜನ ನಮ್ಮ ಮನೆ ಬಾಗಿಲಿಗೆ ಬರುತ್ತಾರೆ. ನಾನೇನು ಮನೆಯಲ್ಲಿ ನರ್ಸುಗಳನ್ನು ದಾಸ್ತಾನು ಇಟ್ಟಿದ್ದೇನೆಯೇ? ಆ ಹುಡುಗಿ ಸೂಜಿ ಚುಚ್ಚಿದರೆ ನೋಯುತ್ತದಂತೆ, ನೀನು ಚುಚ್ಚಿದರೆ ಚುಚ್ಚಿದ್ದೇ ಗೊತ್ತಾಗುತ್ತಿರಲಿಲ್ಲವಂತೆ. ನನಗೆ ಚುಚ್ಚಿದಾಗ ಬೀದಿಯ ಆ ತುದಿಗೆ ಕೇಳುವಂತೆ ಕಿರುಚಿಸಿದೆಯಲ್ಲ, ಆ ಸೂಜಿಯನ್ನು ನನಗೆಂದೇ ಬೇರೆ ಎತ್ತಿಟ್ಟಿದ್ದೆಯೋ ಹೇಗೆ? ಪಾಪ, ಆ ಹೊಸ ಹುಡುಗಿ ಒಳ್ಳೆಯವಳು. ಮೊನ್ನೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. 'ಇಲ್ಲಿ ನನ್ನನ್ನ ಯಾರೂ ಮಾತಾಡ್ಸಲ್ಲ ಅಣ್ಣಾ' ಅಂದಳು. 'ನಾನು ಬಂದು ಎಷ್ಟು ವರ್ಷ ಆಯ್ತು ಗೊತ್ತಾ ತಂಗೀ, ನನ್ನನ್ನೂ ಮಾತಾಡ್ಸಲ್ಲ' ಅಂದೆ. ಅವಳಿಗೆ ಸಮಾಧಾನವಾದ ಹಾಗೆ ಕಾಣಲಿಲ್ಲ.

ಈಗ ನಡೆದ ವಿಷಯಕ್ಕೆ ಬರುತ್ತೇನೆ. ನಿನಗೆ ಇದು ಈಗಾಗಲೇ ತಿಳಿದಿದ್ದರೂ ತಿಳಿದಿರಬಹುದು, ಕಿರಾಣಿ ಅಕ್ಕ ಸುಮ್ಮನಿರುವವಳಲ್ಲ. ಆದರೂ ನನ್ನ ಬಾಯಿಂದ ಒಮ್ಮೆ ಕೇಳು. ಕೆಲವು ದಿನಗಳ ಹಿಂದೆ ಊರು ಇದ್ದಕ್ಕಿದ್ದಂತೆ ನನ್ನ ಮೇಲೆ ಪ್ರೀತಿ ತೋರಿಸಲು ಶುರುಮಾಡಿತು. ನನಗೆ ಅನುಮಾನ ಬಂದದ್ದೇ ಅಲ್ಲಿ. ಕಿರಾಣಿ ಅಕ್ಕ ಮಧ್ಯಾಹ್ನ ಊಟದ ಡಬ್ಬಿ ಕಳಿಸಿದಳು. ಬೇಕರಿಯವನು ತಳ ಸೀಯದ ಬ್ರೆಡ್ಡನ್ನು ಹುಡುಕಿ ಕೊಟ್ಟ, ಅವನ ಬೇಕರಿಯಲ್ಲಿ ಅಂಥದ್ದು ಇರುತ್ತದೆಂದು ಆವರೆಗೆ ನನಗೆ ಗೊತ್ತೇ ಇರಲಿಲ್ಲ. ಬಾಯಿಗೆ ಬಿಡುವು ಕೊಡದ ಕ್ಷೌರದವನು ಒಂದಿಡೀ ಗಡ್ಡವನ್ನು ಮಾತಿಲ್ಲದೆ ಬೋಳಿಸಿದ. ಹಿಂದೆ ಬೆಂಚಿನ ಮೇಲೆ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ದೊಡ್ಡ ಮೇಷ್ಟ್ರು ದಾರಿಯಲ್ಲಿ ನಿಲ್ಲಿಸಿ, ಭುಜದ ಮೇಲೆ ಕೈಯಿಟ್ಟು, 'ಏನೇ ಬರಲಿ, ಮನುಷ್ಯ ಗಟ್ಟಿಯಾಗಿರಬೇಕಪ್ಪಾ' ಎಂದು ಹೇಳಿ, ಏನು ಬರುತ್ತದೆಂದು ಹೇಳದೆ ಹೊರಟುಹೋದರು. ಇಂಥ ಸಣ್ಣ ಊರಿನಲ್ಲಿ ಎಲ್ಲರೂ ಒಟ್ಟಿಗೆ ಒಳ್ಳೆಯವರಾದರೆ ಮನೆಯಲ್ಲಿ ಏನೋ ಆಗಿದೆ ಎಂದೇ ಅರ್ಥ. ನಾನು ಅಂಗಡಿಯೊಳಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು, ಹೊರಗೆ ಬಂದರೆ ಮತ್ತೆ ಶುರುವಾಗುತ್ತಿತ್ತು.

ಅದಕ್ಕೆ ಹಿಂದಿನ ಭಾನುವಾರ ನೀನು ಅಲ್ಲಿನ ದೊಡ್ಡ ಡಾಕ್ಟರನ್ನು ಬಾಯಿ ತುಂಬ ಹೊಗಳಿದ್ದೆಯಂತೆ. ಅವರ ಕೈ ಬಹಳ ನಾಜೂಕು, ಮಾತು ಇನ್ನೂ ನಾಜೂಕು, ಯಾವ ಆಪರೇಷನ್ನಿಗೂ ನೀನೇ ಪಕ್ಕದಲ್ಲಿರಬೇಕು ಎನ್ನುತ್ತಾರೆ, ಊಟಕ್ಕೂ ಜೊತೆಯಲ್ಲೇ ಕೂರಿಸಿಕೊಳ್ಳುತ್ತಾರೆ. ಇದನ್ನು ನನಗೆ ಹೇಳಿದ್ದು ಕ್ಷೌರದವನು, ಇನ್ನೂ ಅವನ ಬಾಯಿ ಬಿದ್ದುಹೋಗುವ ಮೊದಲು. ಎರಡನ್ನೂ ಜೋಡಿಸಿ ನೋಡಿದೆ. ಬೆಸೆಯುವುದೇ ನನ್ನ ಕಸುಬಲ್ಲವೇ, ಚೆನ್ನಾಗಿಯೇ ಕೂಡಿಕೊಂಡಿತು. ನನ್ನ ಕೈಗಳನ್ನು ನೋಡಿಕೊಂಡೆ. ನಾಜೂಕು ಎಂಬ ಮಾತಿಗೂ ಅವಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಅವತ್ತು ಶಾಲೆಯ ಹೊಸ ಗೇಟಿನ ಕೆಲಸ ಹಿಡಿದಿದ್ದೆ. ನೀನು, ಆ ಡಾಕ್ಟರು, ಊಟದ ಮೇಜು, ಇದೇ ಕಣ್ಣ ಮುಂದೆ. ಕೆಲಸ ಮುಗಿಸಿ ವೆಲ್ಡಿಂಗ್ ಮುಖವಾಡ ಎತ್ತಿ ನೋಡಿದರೆ ಚಿಲಕವನ್ನು ಬೀದಿಯ ಕಡೆಗೆ ಬೆಸೆದುಬಿಟ್ಟಿದ್ದೇನೆ. ಬೀದಿಯಲ್ಲಿ ಹೋಗುವವರು ಯಾರು ಬೇಕಾದರೂ ಶಾಲೆಯನ್ನು ಹೊರಗಿನಿಂದ ಮುಚ್ಚಿಕೊಂಡು ಹೋಗಬಹುದು. ಮಕ್ಕಳಿಗೆ ಆದ ಸಂತೋಷ ಹೇಳತೀರದು.

ಬುಧವಾರ ಬೆಳಗ್ಗೆ ನಾನು ನಿನ್ನ ಬಳಿಗೆ ಹೊರಟೆ. ಕರಿ ಕೋಟು ಹಾಕಿಕೊಂಡೆ, ಷೂಗೆ ಪಾಲಿಶ್ ಹಾಕಿದೆ, ಕೈಗಳಿಗೆ ನಿನ್ನ ಡಬ್ಬಿಯ ಕ್ರೀಮು ಹಚ್ಚಿಕೊಂಡೆ. ನಗಬೇಡ. ಯಾರಾದರೂ ಕೇಳಿದರೆ ವೆಲ್ಡಿಂಗ್ ರಾಡು ತರಲು ಹೋಗುತ್ತಿದ್ದೇನೆ ಎಂದು ಹೇಳುವುದೆಂದು ತೀರ್ಮಾನಿಸಿದ್ದೆ. ಬೀದಿಯುದ್ದಕ್ಕೂ ಎಲ್ಲರಿಗೂ ಅದನ್ನೇ ಹೇಳಿದೆ. ಎಲ್ಲರೂ ನನ್ನ ಷೂ ನೋಡಿ 'ಹೂಂ' ಅಂದರು. ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ. ಡ್ರೈವರ್ ಎಂಜಿನ್ ಶುರುಮಾಡಿದ. ಅಷ್ಟರಲ್ಲಿ ಕಿರಾಣಿ ಅಕ್ಕ ತಕ್ಕಡಿ ಬಿಟ್ಟು ಬೀದಿಯಲ್ಲಿ ಓಡಿಬರುವುದು ಕಾಣಿಸಿತು. ಪ್ರತಿ ಭಾನುವಾರ ನಿನ್ನ ಹತ್ತಿರ ನರಳುತ್ತಾಳಲ್ಲ, ಆ ಮೊಣಕಾಲು ಅವತ್ತು ಚೆನ್ನಾಗಿಯೇ ಓಡಿತು. ಬಸ್ಸಿನ ಮುಂದೆ ನಿಂತು ಕೈ ಅಡ್ಡ ಹಿಡಿದಳು.

'ಇಳಿ ತಮ್ಮಾ ಕೆಳಗೆ. ಎಲ್ಲಿಗೆ ಹೊರಟೆ?'

'ರಾಡು ತರೋಕೆ.'

'ಕೋಟು ಹಾಕ್ಕೊಂಡು ಯಾರಾದ್ರೂ ರಾಡು ತರೋಕೆ ಹೋಗ್ತಾರಾ? ನಿನ್ನ ಮುಖ ನೋಡು, ಜಗಳಕ್ಕೆ ಹೊರಟವನ ಹಾಗಿದೆ. ಅಲ್ಲಿಗೆ ಹೋಗಿ ಏನು ಮಾಡ್ತೀಯಾ ಹೇಳು.'

ನನಗೆ ತಡೆಯಲಾಗಲಿಲ್ಲ. ಇಡೀ ಬಸ್ಸಿನ ಮುಂದೆ ಕೇಳಿಬಿಟ್ಟೆ: 'ಅಕ್ಕಾ, ನೀನೇ ಹೇಳು. ಆ ಡಾಕ್ಟರು ಯಾರು?'

ಅವಳು ನನ್ನನ್ನೇ ನೋಡಿದಳು. ಆಮೇಲೆ ಬಸ್ಸಿನ ಮೆಟ್ಟಿಲ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದಳು. 'ಅಯ್ಯೋ ನನ್ನಪ್ಪಾ! ಆ ಡಾಕ್ಟರಮ್ಮನ ಮೇಲಾ ನಿನ್ನ ಅನುಮಾನ? ಅವರಿಗೆ ಮೊಮ್ಮಕ್ಕಳಿದ್ದಾರೆ ಕಣೋ. ಕೋಲು ಹಿಡ್ಕೊಂಡು ನಡೀತಾರಂತೆ!'

ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಗುತ್ತಿದ್ದೆನೇನೋ. ಆದರೆ ಡ್ರೈವರ್ ಎಂಜಿನ್ ಆರಿಸಿ, ಸೀಟಿನಿಂದಲೇ ಹಿಂದಕ್ಕೆ ತಿರುಗಿ, ಒಳ್ಳೆಯ ಮನಸ್ಸಿನಿಂದಲೇ ಒಂದು ಮಾತು ಅಂದ. 'ಅಲ್ಲ, ಆ ಡಾಕ್ಟರಮ್ಮನೇ ಅಲ್ವಾ ನರ್ಸಮ್ಮನಿಗೆ ಅಲ್ಲೇ ಕಾಯಂ ಕೆಲಸ ಕೊಡಿಸ್ತೀನಿ ಅಂದಿರೋದು? ಇವರಿಗೆ ಇನ್ನೂ ಹೇಳಿಲ್ವಾ ನೀವು?'

ನಗು ನಿಂತುಹೋಯಿತು. ಕಿರಾಣಿ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಿಲ್ದಾಣದ ಬೆಂಚಿನ ಮೇಲಿದ್ದ ದೊಡ್ಡ ಮೇಷ್ಟ್ರು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ಆಗ ಗೊತ್ತಾಯಿತು ನನಗೆ. ಕಿರಾಣಿ ಅಕ್ಕನಿಗೆ ಗೊತ್ತಿತ್ತು, ಮೇಷ್ಟ್ರಿಗೆ ಗೊತ್ತಿತ್ತು, ಬೇಕರಿಯವನಿಗೆ, ಕ್ಷೌರದವನಿಗೆ, ಕೊನೆಗೆ ಈ ಊರಿನವನೇ ಅಲ್ಲದ, ದಿನಕ್ಕೊಮ್ಮೆ ಬಂದು ಚಹಾ ಕುಡಿದು ಹೋಗುವ ಬಸ್ಸಿನ ಡ್ರೈವರಿಗೂ ಗೊತ್ತಿತ್ತು. ನಾನಿಲ್ಲದ ಹೊತ್ತಿನಲ್ಲಿ ಫೋನು ಮಾಡಿ ನೀನು ಅವರೆಲ್ಲರನ್ನೂ ಕೇಳಿದ್ದೆಯಂತೆ, 'ಏನು ಮಾಡಲಿ?' ಎಂದು. ನಿಜ ಹೇಳುತ್ತೇನೆ, ಆ ಡಾಕ್ಟರು ಗಂಡಸಾಗಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಒಬ್ಬನೇ ಆದರೆ ಎದುರು ನಿಂತು ಎರಡು ಮಾತಾಡಬಹುದು.

ನಾನು ಕೂಗಾಡಿದೆ. ನನ್ನ ಬಾಯಿಂದ ಅಷ್ಟು ದೊಡ್ಡ ಧ್ವನಿ ಬರುತ್ತದೆಂದು ಈ ಊರಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. 'ಅವಳನ್ನ ಮದುವೆ ಆಗಿದ್ದು ನಾನು! ನೀವ್ಯಾರೂ ಅಲ್ಲ! ಅವಳಿಗೆ ನೆಗಡಿ ಆದ್ರೂ ನೀವೇ ಮೊದಲು ಸೀನ್ತೀರಲ್ಲ! ನನ್ನ ಮನೆ ಇರುತ್ತೋ ಹೋಗುತ್ತೋ ಅನ್ನೋದನ್ನ ನಾನು ಬಸ್ ಡ್ರೈವರ್ ಹತ್ತಿರ ಕೇಳ್ಕೋಬೇಕಾ?' ಬಸ್ಸು ಹೊರಡಲಿಲ್ಲ, ಒಳಗೆ ಕೂತವರಿಗೂ ಅವಸರವಿರಲಿಲ್ಲ, ಇಂಥದ್ದನ್ನು ಬಿಟ್ಟು ಹೋಗುವುದಕ್ಕೆ ಯಾರಿಗೆ ಮನಸ್ಸು ಬರುತ್ತದೆ? ಇನ್ನೂ ಏನೇನೋ ಅಂದೆ. ದೊಡ್ಡ ಮೇಷ್ಟ್ರನ್ನು ನೋಡಿ 'ನೀವು ಓದಿದವರು' ಎಂದು ಶುರುಮಾಡಿ, ಅಷ್ಟಕ್ಕೇ ಬಿಟ್ಟು ಬಸ್ಸಿನಿಂದ ಇಳಿದು, ನೇರ ನನ್ನ ಕೆಲಸದ ಷೆಡ್ಡಿಗೆ ಹೋಗಿ, ಶಾಲೆಯಿಂದ ಕಳಚಿ ತಂದಿದ್ದ ಗೇಟಿನ ಚಿಲಕವನ್ನು ಕೋಟಿನಲ್ಲೇ ಕತ್ತರಿಸಿ ತೆಗೆಯಲು ಕೂತೆ. ಕೋಟಿನ ಎಡತೋಳಿನಲ್ಲಿ ಕಿಡಿ ಬಿದ್ದು ತೂತಾಗಿದೆ, ಬೈಯುವುದಿದ್ದರೆ ಈಗಲೇ ಬೈದುಬಿಡು.

ಸ್ವಲ್ಪ ಹೊತ್ತಿಗೆ ಕಿರಾಣಿ ಅಕ್ಕ ಬಂದಳು, ಕೈಯಲ್ಲಿ ಎರಡು ಲೋಟ ಚಹಾ. ನಾನು ಮುಖವಾಡ ಎತ್ತಲಿಲ್ಲ. ಕಪ್ಪು ಗಾಜಿನ ಹಿಂದೆ ಕಣ್ಣು ಹೇಗಿದ್ದರೂ ಯಾರಿಗೂ ಕಾಣುವುದಿಲ್ಲ, ಅದೊಂದು ಅನುಕೂಲ ನಮ್ಮ ಕಸುಬಿನಲ್ಲಿ. ಅವಳು ಕಬ್ಬಿಣದ ರಾಶಿಯ ಮೇಲೆ ಕೂತು ಹೇಳಿದಳು. 'ನಿನಗೆ ಹೇಳ್ಬೇಡಿ ಅಂತ ಅವಳೇ ಅಂದಿದ್ದು ತಮ್ಮಾ. "ಅವರಿಗೆ ಈ ಊರು ಕಂಡರಾಗಲ್ಲ ಅಕ್ಕಾ. ಕೇಳಿದ ಕೂಡಲೇ ಗಂಟುಮೂಟೆ ಕಟ್ಟಿ ಬಾಗಿಲಲ್ಲಿ ನಿಂತಿರ್ತಾರೆ. ಅಷ್ಟು ಖುಷಿಯಾಗಿರೋರ ಎದುರಿಗೆ ನಾನು ಬೇಡ ಅನ್ನೋಕಾಗುತ್ತಾ? ಮೊದಲು ನನ್ನ ಮನಸ್ಸು ಏನು ಅಂತ ನನಗೇ ತಿಳೀಲಿ" ಅಂದ್ಲು. ನಾವೂ ಬಾಯಿ ಮುಚ್ಕೊಂಡ್ವಿ. ನಮಗೂ ಸ್ವಾರ್ಥ ಇರ್ಲಿಲ್ಲ ಅಂತಲ್ಲ. ನಿನಗೆ ಗೊತ್ತಾದ್ರೆ ನೀನೇ ಅವಳನ್ನ ಹೊರಡಿಸ್ತೀಯಾ ಅಂತ ಎಲ್ಲರಿಗೂ ಭಯ. ಡಬ್ಬಿ ಕಳಿಸಿದ್ದೂ ಅದಕ್ಕೇ ಅಂತ ಇಟ್ಕೋ.' ಚಹಾ ಮುಗಿಸಿ, ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, 'ನೀನು ಇಷ್ಟು ವರ್ಷಕ್ಕೆ ಇವತ್ತು ನಮ್ಮ ಮೇಲೆ ಕೂಗಾಡ್ದೆ ನೋಡು' ಅಂದಳು. ಬೈದಳೋ ಮೆಚ್ಚಿದಳೋ ನನಗೆ ತಿಳಿಯಲಿಲ್ಲ.

ಆವತ್ತು ಸಂಜೆ ಬೀದಿಗೆ ಹೋಗಲು ಹೆದರಿಕೆಯಾಗಿತ್ತು. ಹೋದೆ, ಬ್ರೆಡ್ಡು ಬೇಕಿತ್ತು. ಬೇಕರಿಯವನು ತಳ ಸೀದ ಬ್ರೆಡ್ಡನ್ನೇ ಕೊಟ್ಟ. 'ಇದೇನ್ರೀ, ಮೊನ್ನೆ ಒಳ್ಳೇದು ಕೊಟ್ಟಿದ್ರಿ' ಎಂದೆ. 'ಮೊನ್ನೆ ನೀವು ಪಾಪ ಅನ್ನಿಸ್ತಿದ್ರಿ. ಇವತ್ತು ಇಲ್ಲ' ಅಂದ. ಕ್ಷೌರದವನು ತನ್ನ ಅಂಗಡಿಯ ಬಾಗಿಲಿನಿಂದಲೇ ನಾನು ಬಸ್ಸಿನಲ್ಲಿ ಅಂದ ಮಾತುಗಳನ್ನು ನನಗೇ ಮತ್ತೊಮ್ಮೆ ಒಪ್ಪಿಸಿದ, ಸೀನುವ ಮಾತು ಅವನಿಗೆ ಬಹಳ ಹಿಡಿಸಿದೆಯಂತೆ. ನಾನೂ ನಿಂತೆ. ಅವನಿಗೆ ಎರಡು ಮಾತು ಅಂದೆ, ಅವನು ನಾಲ್ಕು ಅಂದ. ಮನೆಗೆ ಬರುವಷ್ಟರಲ್ಲಿ ಬ್ರೆಡ್ಡು ತಣ್ಣಗಾಗಿತ್ತು.

ನನ್ನ ಹೊಟ್ಟೆಕಿಚ್ಚು ಇಳಿದಿದೆ ಎಂದು ತಿಳಿಯಬೇಡ. ಇಳಿದಿಲ್ಲ. ಈ ಭಾನುವಾರ ಅವರೆಲ್ಲ ನಿನ್ನ ಜೊತೆ ನಗುವಾಗ ನಾನು ಮತ್ತೆ ಆಲೂಗಡ್ಡೆ ಮೂಟೆಯ ಮೇಲೆ ಉರಿಯುತ್ತಲೇ ಕೂತಿರುತ್ತೇನೆ. ನೀನು ಬಾಯಿ ಬಿಟ್ಟು ಕೇಳಬಹುದಾಗಿದ್ದ ಒಂದೇ ಒಂದು ಮಾತನ್ನು ಊರನ್ನೆಲ್ಲ ಕೇಳಿ ನನ್ನೊಬ್ಬನನ್ನು ಬಿಟ್ಟೆಯಲ್ಲ, ಅದು ಎದೆಯೊಳಗೆ ಮುಳ್ಳಾಗಿ ಕೂತಿದೆ. ಈ ಊರನ್ನು ನಾನು ದಿನಾ ಬೈಯುತ್ತಿದ್ದದ್ದು ನಿಜ, ಅದನ್ನು ನೀನು ನಂಬಿದ್ದರಲ್ಲಿ ನಿನ್ನ ತಪ್ಪಿಲ್ಲ. ಕೆಲಸದ ವಿಷಯ ನಿನಗೆ ಬಿಟ್ಟದ್ದು. ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ, ಅಂಥ ಡಾಕ್ಟರಮ್ಮನ ಪಕ್ಕದಲ್ಲಿ ನಿಲ್ಲಲು ಕರೆಯುತ್ತಾರೆಂದರೆ ಸುಮ್ಮನೆಯೇ? ನನ್ನ ಚಿಂತೆ ಮಾಡಬೇಡ. ಕಬ್ಬಿಣ ಎಲ್ಲ ಊರಿನಲ್ಲೂ ಕಬ್ಬಿಣವೇ, ನಾನು ಎಲ್ಲಿ ಕೂತರೂ ಬೆಸೆಯಬಲ್ಲೆ. ನಿನಗೆ ಯಾವುದು ಒಳ್ಳೆಯದೋ ಅದನ್ನು ಮಾಡು, ಅದು ನಿನಗೆ ಒಳ್ಳೆಯದನ್ನೇ ತರಲಿ.

ಬೆಚ್ಚಗೆ ಇರು, ಕಾದಾರಿದ ನೀರು ಕುಡಿ, ಕಿಟಕಿಗೆ ರಟ್ಟು ಮರೆಯಬೇಡ. ಡಾಕ್ಟರಮ್ಮನಿಗೆ ನನ್ನ ನಮಸ್ಕಾರ ಹೇಳು, ಕಾರಣ ಹೇಳಬೇಡ. ಊರಿನವರು ನಿನ್ನನ್ನು ಕೇಳಿದರೆಂದು ನಾನು ಬರೆಯುವುದಿಲ್ಲ, ಅವರಿಗೇ ಬಾಯಿದೆ.

ಇಂತು ನಿನ್ನವನೇ ಆದ,
ನರ್ಸಮ್ಮನ ಗಂಡ

ಮರೆತ ಮಾತು: ಬಸ್ಸು ಹಾರ್ನ್ ಹೊಡೆಯುತ್ತಿದೆ, ಡ್ರೈವರ್ ಕೈಯಲ್ಲೇ ಈ ಲಕೋಟೆ ಕಳಿಸುತ್ತಿದ್ದೇನೆ, ಅಂಟು ಒಣಗುವ ಮೊದಲು ಮತ್ತೆ ತೆರೆದಿದ್ದೇನೆ. ಕಬ್ಬಿಣದ ಬಗ್ಗೆ ಮೇಲೆ ಬರೆದದ್ದು ಸುಳ್ಳು, ಹೊಡೆದುಹಾಕು. ನನಗೆ ಇಲ್ಲಿಂದ ಹೋಗುವ ಮನಸ್ಸಿಲ್ಲ. ಬುಧವಾರ ಆ ಬಸ್ಸು ನನ್ನನ್ನು ಬಿಟ್ಟು ಹೊರಟಾಗ, ಷೆಡ್ಡಿನಲ್ಲಿ ಕೂತು ಅದರ ಸದ್ದು ದೂರವಾಗುವುದನ್ನು ಕೇಳುತ್ತ, ಸದ್ಯ, ಹೋಗಲಿಲ್ಲ ಅನ್ನಿಸಿತು. ನಿನ್ನನ್ನು ನೋಡಲು ಹೊರಟವನಿಗೆ ಹಾಗನ್ನಿಸಬಾರದಿತ್ತು, ಅನ್ನಿಸಿತು. ನೀನು ಅಲ್ಲೇ ಇರುತ್ತೇನೆಂದರೆ ಬರುತ್ತೇನೆ, ಎರಡನೆಯ ಮಾತಿಲ್ಲ. ಆದರೆ ನೀನು ನನ್ನನ್ನು ಕೇಳಿದ್ದಿದ್ದರೆ ಇಲ್ಲೇ ಇರೋಣ ಅನ್ನುತ್ತಿದ್ದೆ. ಇದು ಊರಿನಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲ, ಕಿರಾಣಿ ಅಕ್ಕನಿಗೂ ಇಲ್ಲ. ನಿನಗೇ ಮೊದಲು ಹೇಳುತ್ತಿದ್ದೇನೆ.